ಎನ್‌ಎಚ್‌ಎಲ್ ಪ್ಲೇಆಫ್: 16 ತಂಡಗಳು ಬೇಕೇ, 8 ಸಾಕೇ?

ಅಮೆರಿಕ ಮತ್ತು ಕೆನಡಾದ 32 ಐಸ್ ಹಾಕಿ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಲೀಗ್ ಹಂತ ನಡೆಯುತ್ತದೆ. ಆಮೇಲೆ 16 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ; ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಒಟ್ಟು 16 ಪಂದ್ಯ ಗೆದ್ದವರಿಗೆ ಸ್ಟ್ಯಾನ್ಲಿ ಕಪ್. ಪ್ಲೇಆಫ್ ತಂಡಗಳನ್ನು ಎಂಟಕ್ಕೆ ಇಳಿಸಬೇಕೇ ಎಂಬ ಪ್ರಶ್ನೆಯನ್ನು ಇಬ್ಬರು ಬರಹಗಾರರ ಮುಂದಿಟ್ಟೆವು.

ಪರ: ಆರು ತಿಂಗಳ ಆಟಕ್ಕೆ ಬೆಲೆ ಕೊಡಿ

2022-23ರ ಬೋಸ್ಟನ್ ಬ್ರೂಯಿನ್ಸ್ ತಂಡದ ಲೆಕ್ಕ ನೋಡಿ. 82 ಪಂದ್ಯಗಳಲ್ಲಿ 65 ಗೆಲುವು, 135 ಪಾಯಿಂಟ್. ಎರಡೂ ದಾಖಲೆಗಳೇ. 62 ಗೆಲುವಿನ ಹಳೆಯ ದಾಖಲೆ ಡೆಟ್ರಾಯಿಟ್ ಮತ್ತು ಟ್ಯಾಂಪಾ ಬೇ ತಂಡಗಳ ಹೆಸರಿನಲ್ಲಿತ್ತು. 132 ಪಾಯಿಂಟ್‌ಗಳ ದಾಖಲೆಯನ್ನು ಮಾಂಟ್ರಿಯಲ್ 1976-77ರಲ್ಲಿ ಬರೆದಿತ್ತು. ನಾಲ್ಕೂವರೆ ದಶಕ ಅದನ್ನು ಯಾರಿಂದಲೂ ಮುಟ್ಟಲಾಗಿರಲಿಲ್ಲ.

ಇಂಥ ತಂಡಕ್ಕೆ ಮೊದಲ ಸುತ್ತಿನಲ್ಲಿ ಎದುರಾದದ್ದು 92 ಪಾಯಿಂಟ್‌ಗಳ ಫ್ಲಾರಿಡಾ ಪ್ಯಾಂಥರ್ಸ್. ನಡುವಿನ ಅಂತರ 43 ಪಾಯಿಂಟ್. ಫ್ಲಾರಿಡಾ ಒಂದೇ ಪಾಯಿಂಟ್‌ನಿಂದ ಪಿಟ್ಸ್‌ಬರ್ಗ್ ತಂಡವನ್ನು ಹಿಂದಿಕ್ಕಿ ಕೊನೆಯ ಗಳಿಗೆಯಲ್ಲಿ ಒಳಗೆ ಬಂದಿತ್ತು. ಬೋಸ್ಟನ್ ಸರಣಿಯಲ್ಲಿ 3-1 ಮುಂದಿತ್ತು. ನಂತರದ ಎರಡು ಪಂದ್ಯ ಸೋತಿತು. ಏಪ್ರಿಲ್ 30ರಂದು ಏಳನೆಯ ಪಂದ್ಯದಲ್ಲಿ, ತವರಿನ ಅಂಗಣದಲ್ಲೇ, ಕೇವಲ ಒಂದು ನಿಮಿಷ ಉಳಿದಿರುವಾಗ ಫ್ಲಾರಿಡಾದ ಬ್ರ್ಯಾಂಡನ್ ಮಾಂಟೂರ್ ಸಮಬಲದ ಗೋಲು ಹೊಡೆದರು. ಓವರ್‌ಟೈಮ್‌ನಲ್ಲಿ (ಹೆಚ್ಚುವರಿ ಅವಧಿ) ಅದೇ ತಂಡದ ಕಾರ್ಟರ್ ವೆರ್ಹೇಗಿ ಗೆಲುವಿನ ಗೋಲು ಹೊಡೆದರು. ಆರು ತಿಂಗಳ ಸಾಧನೆ ಅಲ್ಲಿಗೆ ಮುಗಿಯಿತು.

ಇದು ಒಂದು ವರ್ಷದ ಅಪವಾದವಲ್ಲ. 2018-19ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ 128 ಪಾಯಿಂಟ್ ಗಳಿಸಿತು. ಆ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ ನಿಕಿತಾ ಕುಚೆರೊವ್ ಆ ತಂಡದವರು. ಅತ್ಯುತ್ತಮ ಗೋಲ್‌ಕೀಪರ್ ಆಂಡ್ರೇ ವಾಸಿಲೆವ್‌ಸ್ಕಿಯೂ ಆ ತಂಡದವರೇ. ಮೊದಲ ಸುತ್ತಿನ ಮೊದಲ ಪಂದ್ಯದಲ್ಲಿ 3-0 ಮುಂದಿದ್ದ ತಂಡ 4-3ರಿಂದ ಸೋತಿತು. ಮುಂದಿನ ಮೂರನ್ನೂ ಸೋತು, ಕೊಲಂಬಸ್ ಎದುರು ಒಂದೂ ಗೆಲುವಿಲ್ಲದೆ ಮನೆಗೆ ಹೋಯಿತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದವರಿಗೆ ಪ್ರೆಸಿಡೆಂಟ್ಸ್ ಟ್ರೋಫಿ ಎಂಬ ಪ್ರಶಸ್ತಿಯಿದೆ. ಅದನ್ನೂ ಸ್ಟ್ಯಾನ್ಲಿ ಕಪ್ಪನ್ನೂ ಒಂದೇ ವರ್ಷ ಗೆದ್ದ ತಂಡ 2013ರ ಶಿಕಾಗೊ. ಅದರ ನಂತರ 2025ರವರೆಗೆ ಒಂದು ತಂಡವೂ ಹಾಗೆ ಗೆಲ್ಲಲಿಲ್ಲ. ಶಿಕಾಗೊ ಗೆದ್ದದ್ದೂ ಮಾಲೀಕರು-ಆಟಗಾರರ ಜಗಳದಿಂದ 48 ಪಂದ್ಯಗಳಿಗೆ ಮೊಟಕಾದ ಋತುವಿನಲ್ಲಿ.

ಐಸ್ ಹಾಕಿಯ ಸ್ವಭಾವವೇ ಹೀಗೆ. ಎರಡೂ ತಂಡ ಸೇರಿ ಒಂದು ಪಂದ್ಯಕ್ಕೆ ಆರರ ಆಸುಪಾಸು ಗೋಲು ಬರುತ್ತವೆ. ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಯಾರದೋ ಸ್ಕೇಟಿಗೆ ತಗುಲಿ ದಿಕ್ಕು ಬದಲಿಸಿದರೆ ಸಾಕು, ಪಂದ್ಯದ ಗತಿ ಬದಲಾಗುತ್ತದೆ. ಎದುರಾಳಿಯ ಗೋಲ್‌ಕೀಪರ್ ಹತ್ತು ದಿನ ಮೈತುಂಬ ಕಣ್ಣಾಗಿ ನಿಂತರೆ ಎಂಥ ಬಲಿಷ್ಠ ತಂಡವೂ ತಲೆಬಾಗಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ನೂರಕ್ಕೂ ಹೆಚ್ಚು ಅಂಕ ಗಳಿಸುತ್ತದೆ. ಅಲ್ಲಿ ಅದೃಷ್ಟ ಅತ್ತಿತ್ತ ಸರಿದರೂ ಸಾಮರ್ಥ್ಯ ಮೇಲೆ ಬರಲು ಅವಕಾಶವಿದೆ. ಐಸ್ ಹಾಕಿಯಲ್ಲಿ ಸಾಮರ್ಥ್ಯ ಕಾಣಬೇಕಾದರೆ ಹೆಚ್ಚು ಪಂದ್ಯ ಬೇಕು. ಆ ಪಂದ್ಯಗಳನ್ನು ಆಡಿಸುವುದಕ್ಕೇ ಲೀಗ್ ಹಂತ ಇರುವುದು. ಆಡಿಸಿ, ಬಂದ ಉತ್ತರವನ್ನು ಬದಿಗಿಟ್ಟು, ಅರ್ಧಕ್ಕರ್ಧ ತಂಡಗಳನ್ನು ಮತ್ತೆ ಒಂದೇ ಗೆರೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಬೋಸ್ಟನ್ ಸಮೀಪದ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದಾರೆ. ಮೈಸೂರಿನಿಂದ ಬಂದ ನನಗೆ ಈ ಆಟ ಹೇಳಿಕೊಟ್ಟವರು ಅವರೇ. ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಗೋಲು ಮಾಡಿ, ಒಂದು ನಾಣ್ಯವನ್ನು ಪಕ್ ಮಾಡಿ, ಆಫ್‌ಸೈಡ್ ಎಂದರೇನು, ಐಸಿಂಗ್ ಎಂದರೇನು ಎಂದು ಬೆರಳಿನಿಂದ ದೂಡಿ ದೂಡಿ ತೋರಿಸಿದ್ದರು. ಆ ವರ್ಷ ಅವರ ಫ್ರಿಜ್ ಬಾಗಿಲಿನ ಮೇಲಿದ್ದ ಕ್ಯಾಲೆಂಡರಿನಲ್ಲಿ ಬ್ರೂಯಿನ್ಸ್ ಗೆದ್ದ ದಿನದ ಚೌಕವನ್ನು ಕಪ್ಪು ಸ್ಕೆಚ್ ಪೆನ್ನಿನಿಂದ ಪೂರ್ತಿ ತುಂಬುತ್ತಿದ್ದರು, ಸೋತ ದಿನ ತೆಳುವಾಗಿ ಒಂದು ಗೆರೆ ಎಳೆಯುತ್ತಿದ್ದರು. ಗೆರೆಗಳನ್ನು ಹುಡುಕಬೇಕಾಗಿತ್ತು. ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯಲು ಹೊರಗೆ ಬಂದಾಗಲೆಲ್ಲ ಹಿಂದಿನ ರಾತ್ರಿಯ ಪಂದ್ಯದ ಕಥೆ: ಯಾರು ಪಕ್ ಕಸಿದರು, ಬೆಂಚಿನಿಂದ ಯಾರು ಯಾವಾಗ ಇಳಿದರು, ಗೋಲ್‌ಕೀಪರ್ ಯಾವ ಮೊಣಕಾಲಿನ ಮೇಲೆ ಕುಸಿದು ತಡೆದರು. ಆರು ತಿಂಗಳ ಆ ಕಥೆಗಳೇ ನನಗೆ ಐಸ್ ಹಾಕಿ. ಅವುಗಳಲ್ಲಿ ಒಂದೂ ಸಪ್ಪೆಯಾಗಿರಲಿಲ್ಲ.

ಏಳನೆಯ ಪಂದ್ಯ ಮುಗಿದ ಮೇಲೆ ಅವರು ಕೋಪಗೊಳ್ಳಲಿಲ್ಲ, ಫ್ಲಾರಿಡಾದವರನ್ನು ಬಯ್ಯಲಿಲ್ಲ. "ಇನ್ನು ಅಕ್ಟೋಬರ್‌ನಲ್ಲಿ ನನ್ನನ್ನು ಕರೆಯಬೇಡ. ಏಪ್ರಿಲ್‌ನಲ್ಲಿ ನೋಡೋಣ," ಎಂದರು. ಮುಂದಿನ ಋತುವಿನಲ್ಲಿ ಕ್ಯಾಲೆಂಡರ್ ಇತ್ತು, ಚೌಕಗಳು ಖಾಲಿ ಇದ್ದವು. ಜೀವನವಿಡೀ ಒಂದು ತಂಡವನ್ನು ಹಿಂಬಾಲಿಸಿದ ಮನುಷ್ಯನಿಗೆ ಲೀಗ್ ಹಂತ ಲೆಕ್ಕಕ್ಕಿಲ್ಲ ಎಂದು ಈ ವ್ಯವಸ್ಥೆಯೇ ಕಲಿಸಿತು. ಇದಕ್ಕಿಂತ ದೊಡ್ಡ ನಷ್ಟ ಒಂದು ಲೀಗ್‌ಗೆ ಯಾವುದಿದೆ? ಸಾಲದ್ದಕ್ಕೆ 2026-27ರಿಂದ ಲೀಗ್ ಹಂತ 84 ಪಂದ್ಯಗಳಿಗೆ ಏರುತ್ತದೆ. ಬೆಲೆ ಇಳಿಸಿದ ಸರಕನ್ನೇ ಇನ್ನಷ್ಟು ತಂದು ಸುರಿಯುತ್ತಿದ್ದಾರೆ.

ಕೆಳಗಿನ ತಂಡಗಳಿಗೂ ಆಸೆ ಇರಬೇಕು ಎನ್ನುವವರಿದ್ದಾರೆ. ಲಾಟರಿ ಚೀಟಿಯೂ ಆಸೆ ಕೊಡುತ್ತದೆ. ಅದನ್ನು ಯಾರೂ ದುಡಿಮೆ ಎನ್ನುವುದಿಲ್ಲ. 16 ತಂಡಗಳ ಹಿಂದಿರುವ ಕಾರಣ ಆಟದ್ದಲ್ಲ, ಹಣದ್ದು. ಆಟಗಾರರ ಸಂಬಳ ಲೀಗ್ ಹಂತಕ್ಕೇ ಮುಗಿದಿರುತ್ತದೆ. ಪ್ಲೇಆಫ್‌ನಲ್ಲಿ ಅವರಿಗೆ ಸಿಗುವುದು ಲೀಗ್ ಹಂಚುವ ಬೋನಸ್ ಮಾತ್ರ. ತವರಿನ ಒಂದೊಂದು ಪಂದ್ಯದ ಟಿಕೆಟ್ ಆದಾಯ ಮಾಲೀಕರಿಗೆ ಸುಗ್ಗಿ. ಎಂಟು ಸರಣಿಗಳ ಮೊದಲ ಸುತ್ತನ್ನು ಯಾವ ಮಾಲೀಕ ಬಿಟ್ಟುಕೊಟ್ಟಾನು?

ಎನ್‌ಎಚ್‌ಎಲ್‌ಗೆ ಬೇರೆ ದಾರಿ ಗೊತ್ತಿಲ್ಲದೆ ಇಲ್ಲ. 1942ರಿಂದ 1967ರವರೆಗೆ ಆರು ತಂಡಗಳಿದ್ದಾಗ ಪ್ಲೇಆಫ್‌ ಎಂದರೆ ಎರಡೇ ಸುತ್ತು. 1970ರ ದಶಕದ ಉತ್ತರಾರ್ಧದಲ್ಲಿ 12 ತಂಡಗಳು ಪ್ಲೇಆಫ್‌ಗೆ ಬರುತ್ತಿದ್ದವು; ನಾಲ್ಕು ವಿಭಾಗಗಳಲ್ಲಿ ಅಗ್ರಸ್ಥಾನ ಪಡೆದವರು ಮೊದಲ ಸುತ್ತು ಆಡದೆ ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋಗುತ್ತಿದ್ದರು. 132 ಪಾಯಿಂಟ್‌ಗಳ ಆ ಮಾಂಟ್ರಿಯಲ್ ಹಾಗೆಯೇ ಹೋಗಿ ಕಪ್ ಗೆದ್ದಿತು. ನಮ್ಮ ಐಪಿಎಲ್‌ನಲ್ಲಿ ಹತ್ತು ತಂಡಗಳಲ್ಲಿ ನಾಲ್ಕಕ್ಕೆ ಮಾತ್ರ ಪ್ಲೇಆಫ್. ಮೊದಲ ಎರಡು ಸ್ಥಾನದವರು ಕ್ವಾಲಿಫೈಯರ್ ಸೋತರೂ ಇನ್ನೊಂದು ಅವಕಾಶ ಪಡೆಯುತ್ತಾರೆ. ಎನ್‌ಎಚ್‌ಎಲ್‌ನಲ್ಲಿ ಅಗ್ರಸ್ಥಾನಕ್ಕೆ ಸಿಗುವುದು ಏಳನೆಯ ಪಂದ್ಯವನ್ನು ತವರಿನಲ್ಲಿ ಆಡುವ ಹಕ್ಕು ಮಾತ್ರ. ಬೋಸ್ಟನ್ ತವರಿನಲ್ಲೇ ಆಡಿತ್ತು.

ಲೀಗ್‌ನ ಎರಡು ಗುಂಪುಗಳಾದ ಕಾನ್ಫರೆನ್ಸ್‌ಗಳಲ್ಲಿ ಪೂರ್ವದಿಂದ ನಾಲ್ಕು ತಂಡ, ಪಶ್ಚಿಮದಿಂದ ನಾಲ್ಕು ತಂಡ ಸಾಕು. ಮೂರು ಸುತ್ತು, ಹನ್ನೆರಡು ಗೆಲುವು. ಮೇ ಕೊನೆಯೊಳಗೆ ಕಪ್. ಎಂಟನೆಯವರಾಗುವುದಕ್ಕೆ ನವೆಂಬರ್‌ನ ಮಂಗಳವಾರದ ಪಂದ್ಯವನ್ನೂ ಗೆಲ್ಲಲೇಬೇಕಾದ ಲೀಗ್ ಬೇಕು.

ವಿರೋಧ: ಬಾಗಿಲನ್ನು ಅಷ್ಟು ಕಿರಿದು ಮಾಡಬೇಡಿ

ಈ ಪಕ್ಷದಿಂದ ಬರೆಯುವಂತೆ ಸಂಪಾದಕರು ಕೇಳಿದರು. 16 ಎಂಬ ಸಂಖ್ಯೆ ಎಂದೂ ಬದಲಾಗಬಾರದು ಎಂಬ ಹಟ ನನಗಿಲ್ಲ. 12 ಆದರೆ ನಾನು ಬೀದಿಗಿಳಿಯುವುದಿಲ್ಲ. ಎಂಟು ಎಂಬುದನ್ನು ಮಾತ್ರ ಒಪ್ಪಲಾರೆ.

ಮೊದಲ ಕಾರಣ, ಬಾಗಿಲು ಈಗಾಗಲೇ ಕಿರಿದಾಗಿದೆ. 1980ರ ದಶಕದಲ್ಲಿ 21 ತಂಡಗಳಲ್ಲಿ 16 ಪ್ಲೇಆಫ್ ಆಡುತ್ತಿದ್ದವು. ಇಂದು 32ರಲ್ಲಿ 16. ತಂಡಗಳು ಹೆಚ್ಚಾದರೂ ಸ್ಥಾನಗಳು ಹೆಚ್ಚಾಗಲಿಲ್ಲ. ಅದನ್ನು ನಾಲ್ಕನೇ ಒಂದು ಪಾಲಿಗೆ ಇಳಿಸಿದರೆ 24 ಊರುಗಳು ಏಪ್ರಿಲ್‌ನಲ್ಲಿ ರಿಂಕ್‌ಗೆ ಬೀಗ ಹಾಕಬೇಕು. ಜನವರಿಯಲ್ಲೇ ಹತ್ತು ಹನ್ನೆರಡು ತಂಡಗಳು ಕೈಚೆಲ್ಲಿ ಕೂರುತ್ತವೆ. ಲೀಗ್ ಹಂತಕ್ಕೆ ಬೆಲೆ ತರುವ ಹೆಸರಿನಲ್ಲಿ ಅರ್ಧ ಲೀಗ್‌ನ ಅರ್ಧ ಋತುವನ್ನು ಕೊಂದಂತೆ.

ಎರಡನೆಯದು, ಚಾಂಪಿಯನ್ನರ ಪಟ್ಟಿ. 2012ರಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ಪಶ್ಚಿಮದಲ್ಲಿ ಎಂಟನೆಯ ಸ್ಥಾನದಿಂದ ಬಂದಿತು. ಋತುವಿನ ನಡುವೆ ತರಬೇತುದಾರರನ್ನು ಬದಲಿಸಿ ಡಾರಿಲ್ ಸಟರ್ ಅವರನ್ನು ತಂದಿದ್ದರು. ಪ್ಲೇಆಫ್‌ನಲ್ಲಿ ಆ ತಂಡ ಪಶ್ಚಿಮದ ಮೊದಲನೆಯ, ಎರಡನೆಯ, ಮೂರನೆಯ ಸ್ಥಾನದವರನ್ನು ಸಾಲಾಗಿ ಸೋಲಿಸಿತು. ಒಟ್ಟು 20 ಪಂದ್ಯಗಳಲ್ಲಿ 16 ಗೆಲುವು. ಇದನ್ನು ಅದೃಷ್ಟ ಎನ್ನುವವರು ಗೋಲ್‌ಕೀಪರ್ ಜೊನಾಥನ್ ಕ್ವಿಕ್ ಅವರ ಆಟ ನೋಡಿಲ್ಲ. 2019ರ ಜನವರಿ 3ರ ಬೆಳಿಗ್ಗೆ ಸೇಂಟ್ ಲೂಯಿಸ್ ಬ್ಲೂಸ್ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಜೂನ್‌ನಲ್ಲಿ ಕಪ್ ಎತ್ತಿತು. 1967ರಲ್ಲಿ ಲೀಗ್ ಸೇರಿದ ಆ ತಂಡಕ್ಕೆ ಅದೇ ಮೊದಲ ಕಪ್. 2025ರಲ್ಲಿ ಕಪ್ ಗೆದ್ದ ಫ್ಲಾರಿಡಾ ತನ್ನ ಕಾನ್ಫರೆನ್ಸ್‌ನಲ್ಲಿ 98 ಪಾಯಿಂಟ್‌ಗಳೊಂದಿಗೆ ಐದನೆಯದು. ಕಾನ್ಫರೆನ್ಸ್‌ಗೆ ನಾಲ್ಕೇ ತಂಡ ಎಂದಿದ್ದರೆ ಈ ಮೂವರೂ ಮನೆಯಲ್ಲಿ ಕೂತಿರುತ್ತಿದ್ದರು.

ಬೋಸ್ಟನ್ ಸೋಲನ್ನು ಅನ್ಯಾಯ ಎನ್ನುವವರಿಗೆ ಒಂದು ಪ್ರಶ್ನೆ. ಅಂದು ಗೆದ್ದ 92 ಪಾಯಿಂಟ್‌ಗಳ ಫ್ಲಾರಿಡಾ ಅದೇ ವರ್ಷ ಫೈನಲ್ ತಲುಪಿತು, ನಂತರದ ಎರಡು ವರ್ಷ ಸತತವಾಗಿ ಕಪ್ ಗೆದ್ದಿತು. ಆ ತಂಡ ಎಂಥದ್ದೆಂದು ಪಾಯಿಂಟ್ ಪಟ್ಟಿ ಹೇಳಿತೇ, ಪ್ಲೇಆಫ್ ಹೇಳಿತೇ?

ಪಾಯಿಂಟ್ ಪಟ್ಟಿಯ ಮೇಲೆ ಇಷ್ಟೊಂದು ಭಕ್ತಿ ಏಕೆ ಎಂಬುದೇ ನನಗೆ ಅರ್ಥವಾಗುವುದಿಲ್ಲ. ಲೀಗ್ ಹಂತದಲ್ಲಿ ಸಮಬಲವಾದರೆ ತಲಾ ಮೂವರು ಆಟಗಾರರೊಂದಿಗೆ ಐದು ನಿಮಿಷ, ಆಮೇಲೆ ಶೂಟೌಟ್. ಅಲ್ಲಿ ಸೋತವರಿಗೂ ಒಂದು ಪಾಯಿಂಟ್. ಪ್ಲೇಆಫ್‌ನಲ್ಲಿ ಇಂಥ ರಿಯಾಯಿತಿ ಇಲ್ಲ. ಐವರಿಗೆ ಐವರು, ಇಪ್ಪತ್ತು ನಿಮಿಷಗಳ ಅವಧಿಯ ಮೇಲೆ ಅವಧಿ, ಗೋಲು ಬೀಳುವವರೆಗೆ. 1936ರಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪಂದ್ಯ ಆರನೆಯ ಓವರ್‌ಟೈಮ್‌ವರೆಗೆ ಎಳೆಯಿತು. 2020ರಲ್ಲಿ ಟ್ಯಾಂಪಾ ಮತ್ತು ಕೊಲಂಬಸ್ ಐದನೆಯದರವರೆಗೆ ಆಡಿದವು. ಕೊಲಂಬಸ್ ಗೋಲ್‌ಕೀಪರ್ ಯೋನಾಸ್ ಕೊರ್ಪಿಸಾಲೊ 85 ಹೊಡೆತ ತಡೆದರು. ಹಿಂದಿನ ವರ್ಷ ಇದೇ ಕೊಲಂಬಸ್‌ಗೆ ಸೋತಿದ್ದ ಟ್ಯಾಂಪಾ ಆ ರಾತ್ರಿ ಗೆದ್ದು, ಸರಣಿ ಗೆದ್ದು, ಕಪ್ಪನ್ನೂ ಗೆದ್ದಿತು. ಮರು ವರ್ಷ ಮತ್ತೆ ಗೆದ್ದಿತು. ಮೊದಲ ಸುತ್ತಿನ ಸೋಲು ಒಳ್ಳೆಯ ತಂಡವನ್ನು ಮುಗಿಸಲಿಲ್ಲ.

ಅಗ್ರಸ್ಥಾನದವರಿಗೂ ಮೊದಲ ಸುತ್ತು ಶಾಪವೇನಲ್ಲ. 2025ರಲ್ಲಿ ವಿನಿಪೆಗ್ ಜೆಟ್ಸ್ ಪ್ರೆಸಿಡೆಂಟ್ಸ್ ಟ್ರೋಫಿ ಗೆದ್ದು ಬಂದಿತ್ತು. ಸೇಂಟ್ ಲೂಯಿಸ್ ಎದುರು ಏಳನೆಯ ಪಂದ್ಯದಲ್ಲಿ ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿರುವಾಗ 1-3ರಿಂದ ಹಿಂದಿತ್ತು. ಒಂದು ಗೋಲು ಬಂತು. ಕೊನೆಯ ಕೆಲವೇ ಸೆಕೆಂಡ್‌ಗಳಲ್ಲಿ ಕೋಲ್ ಪರ್ಫೆಟಿ ಇನ್ನೊಂದು ಹೊಡೆದರು. ಎರಡನೆಯ ಓವರ್‌ಟೈಮ್‌ನಲ್ಲಿ ನಾಯಕ ಆ್ಯಡಮ್ ಲೌರಿ ಗೆಲುವಿನ ಗೋಲು ಹೊಡೆದರು. ಎಂಟು ತಂಡಗಳ ಪ್ಲೇಆಫ್ ಆಗಿದ್ದರೆ ಈ ಪಂದ್ಯ ನಡೆಯುತ್ತಲೇ ಇರಲಿಲ್ಲ. ಬಿಟ್ಟುಕೊಡಲು ವಿನಿಪೆಗ್‌ನವರು ಒಪ್ಪುತ್ತಾರೆಯೇ, ಮೊದಲು ಅವರನ್ನು ಕೇಳಿ.