ಕಸೂತಿಯ ಹಿಂಬದಿ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಉಕ್ರೇನ್‌ನಲ್ಲಿ ಊಟಕ್ಕೆ ಏನು ಮಾಡುತ್ತಿದ್ದೆಯಪ್ಪಾ?" ಹಬ್ಬದ ದಿನ ಗೋಧಿ ಹುಗ್ಗಿ ಸಿಗುತ್ತಿತ್ತು ಎಂದರೆ ನಂಬುವುದಿಲ್ಲ. ಸುಳ್ಳಲ್ಲ ಅದು. ಬೆಲ್ಲದ ಬದಲು ಜೇನು, ಕೊಬ್ಬರಿಯ ಬದಲು ಅಕ್ರೋಟು. ಮಿಕ್ಕಂತೆ ಅದೇ ಗೋಧಿ, ಅದೇ ಗಸಗಸೆ. ಹೆಸರು ಮಾತ್ರ ಕುತ್ಯಾ.

ನಾನು ಧಾರವಾಡದ ಕಡೆಯವನು. 2008ರಲ್ಲಿ ವೈದ್ಯಕೀಯ ಓದಲು ಪೋಲ್ಟಾವಾ ಎಂಬ ನಗರಕ್ಕೆ ಹೋದೆ. ಓದು ಮುಗಿದ ಮೇಲೆ ಕೀವ್‌ನಲ್ಲಿ ಔಷಧ ವ್ಯಾಪಾರದ ಕೆಲಸ ಹಿಡಿದೆ. 2022ರ ಮಾರ್ಚ್‌ನಲ್ಲಿ ಎಲ್ಲರ ಹಾಗೆ ಚೀಲವೊಂದನ್ನು ಹೆಗಲಿಗೇರಿಸಿ ಗಡಿ ದಾಟಿದವನು ಈಗ ವಾರ್ಸಾದಲ್ಲಿದ್ದೇನೆ. ಕರ್ನಾಟಕದಲ್ಲಿ ಉಕ್ರೇನ್ ಎಂದರೆ ಕಡಿಮೆ ಖರ್ಚಿನ ಎಂಬಿಬಿಎಸ್, ಇಲ್ಲವೇ ಆ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ. ಆ ದೇಶಕ್ಕೆ ಒಂದು ಅಡುಗೆಮನೆಯೂ ಇದೆ, ಒಂದು ದೇವರ ಮೂಲೆಯೂ ಇದೆ ಎಂದು ಹೇಳಹೊರಟರೆ ಮಾತು ಅಷ್ಟರಲ್ಲಿ ಬೇರೆ ಕಡೆ ಹೊರಳಿರುತ್ತದೆ.

ಮೊದಲ ವರ್ಷ ಹಾಸ್ಟೆಲಿನಲ್ಲಿ ಕಳೆದು, ಆಮೇಲೆ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದೆ. ಅಜ್ಜಿಗೆ ಅಲ್ಲಿ 'ಬಾಬುಸ್ಯಾ' ಎನ್ನುತ್ತಾರೆ. ಆದರೆ ಎದುರಿಗೆ ಕರೆಯುವಾಗ ಅದು 'ಬಾಬುಸ್ಯೂ' ಆಗಬೇಕು, ನಮ್ಮ ಅಜ್ಜಿ ಕರೆಯುವಾಗ 'ಅಜ್ಜೀ' ಆಗುವ ಹಾಗೆ. ಸಂಬೋಧನೆಗೆಂದೇ ಒಂದು ವಿಭಕ್ತಿ ಇಟ್ಟುಕೊಂಡ ಭಾಷೆ. ಹೈಸ್ಕೂಲಿನ ವ್ಯಾಕರಣದ ಮೇಷ್ಟರು ನೆನಪಾದರು.

ನಾನು ಮಾಂಸ ತಿನ್ನುವವನಲ್ಲ. ಇದು ಬಾಬುಸ್ಯಾಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವರ ಮೇಜಿನ ರಾಜ ಸಾಲೊ, ಅಂದರೆ ಉಪ್ಪಿನಲ್ಲಿ ಹದಮಾಡಿದ ಹಂದಿಯ ಕೊಬ್ಬು. ಅದನ್ನು ತೆಳ್ಳಗೆ ಹೆಚ್ಚಿ, ಕಪ್ಪು ಬ್ರೆಡ್ಡಿನ ಮೇಲಿಟ್ಟು, ಬೆಳ್ಳುಳ್ಳಿ ಕಚ್ಚಿಕೊಂಡು ತಿನ್ನುತ್ತಾರೆ. ನಾನು ಒಲ್ಲೆ ಎಂದಾಗ, ಹಾಸಿಗೆ ಹಿಡಿದವರನ್ನು ನೋಡುವಂತೆ ನೋಡುತ್ತಿದ್ದರು. ಆದರೂ ನಾನು ಉಪವಾಸ ಬೀಳಲಿಲ್ಲ. ಆಲೂಗಡ್ಡೆ, ಎಲೆಕೋಸು, ಬೇಸಿಗೆಯಲ್ಲಿ ಚೆರ್ರಿ ಹಣ್ಣು ತುಂಬಿ ನೀರಿನಲ್ಲಿ ಬೇಯಿಸಿದ ವರೇನಿಕಿ ನಮ್ಮ ಕಡುಬಿನ ಸಮೀಪದ ನೆಂಟ. ಹೂರಣವೇ ಇಲ್ಲದ ಹಿಟ್ಟಿನ ಉಂಡೆಗಳಿಗೆ ಹಲುಶ್ಕಿ ಎಂದು ಹೆಸರು. ಪೋಲ್ಟಾವಾದವರಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ 2006ರಲ್ಲಿ ಊರಿನ ನಡುವೆ ದೊಡ್ಡ ಬಟ್ಟಲು, ಚಮಚ ಸಮೇತ ಅದಕ್ಕೊಂದು ಸ್ಮಾರಕ ನಿಲ್ಲಿಸಿದ್ದಾರೆ. ಜೋಳದ ರೊಟ್ಟಿಗೆ ಪ್ರತಿಮೆ ನಿಲ್ಲಿಸೋಣವೆಂದು ನಾನು ಊರಲ್ಲಿ ಹೇಳಿದರೆ ನಗುತ್ತಾರೆ. ಇನ್ನು ಸಬ್ಬಸಿಗೆ! ಆಲೂಗಡ್ಡೆಗೆ ಸಬ್ಬಸಿಗೆ, ಸಾರಿಗೆ ಸಬ್ಬಸಿಗೆ, ಸೌತೆಕಾಯಿಯ ಉಪ್ಪಿನಕಾಯಿಗೂ ಸಬ್ಬಸಿಗೆ. ಬೇರೆ ರಾಜ್ಯಗಳ ಸಹಪಾಠಿಗಳು ಆ ವಾಸನೆಗೆ ಮೂಗು ಮುರಿಯುತ್ತಿದ್ದರೆ ನಾನು ಸಂತೆಯಿಂದ ಕಟ್ಟು ಕಟ್ಟಾಗಿ ತಂದು ಪಲ್ಯ ಮಾಡುತ್ತಿದ್ದೆ.

ಮಾಂಸ ತಿನ್ನದವನಿಗೆ ಆ ಮನೆಯಲ್ಲಿ ಪಟ್ಟ ಸಿಗುವ ರಾತ್ರಿ ಒಂದಿತ್ತು, ಕ್ರಿಸ್ಮಸ್‌ನ ಹಿಂದಿನ ರಾತ್ರಿ. ಅಂದು ಮಾಂಸ, ಹಾಲು, ಮೊಟ್ಟೆ ಮೂರೂ ವರ್ಜ್ಯ. ಹನ್ನೆರಡು ಬಗೆಯ ಅಡುಗೆ ಆಗಲೇಬೇಕು. ಮೀನಿನ ಒಂದೆರಡು ಬಟ್ಟಲನ್ನು ಅತ್ತ ಸರಿಸಿದರೆ ಉಳಿದದ್ದೆಲ್ಲ ನನ್ನದು: ಅಣಬೆ ಹಾಕಿದ ಬೀಟ್ರೂಟ್ ಬೋರ್ಷ್, ಎಲೆಕೋಸಿನ ಸುರುಳಿ, ಅವರೆಯಂಥ ಬೀನ್ಸ್ ಕಾಳು, ಒಣಹಣ್ಣು ಬೇಯಿಸಿದ ಉಜ್ವಾರ್ ಎಂಬ ಪಾನಕ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲ ತುತ್ತು ಕುತ್ಯಾ. ಒಳಮೈ ಗೀರುಗೀರಾದ ಮಣ್ಣಿನ ಪಾತ್ರೆಯಲ್ಲಿ, ಮಕಿತ್ರಾ ಎನ್ನುತ್ತಾರೆ ಅದಕ್ಕೆ, ಮರದ ಒನಕೆಯಂಥದ್ದರಿಂದ ಗಸಗಸೆಯನ್ನು ಹಾಲು ಬಿಡುವವರೆಗೆ ಅರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅರೆಯುತ್ತ ಅರೆಯುತ್ತ ನನಗೆ ನಮ್ಮೂರ ಜಾತ್ರೆಯ ದಿನ ಕೊಪ್ಪರಿಗೆಯಲ್ಲಿ ಕುದಿಯುವ ಹುಗ್ಗಿಯ ಘಮ ಬಂತು. ಬರಬಾರದಿತ್ತು, ಏಲಕ್ಕಿ ಇರಲಿಲ್ಲವಲ್ಲ. ಆದರೂ ಬಂತು.

ಮೇಜಿನ ಬಟ್ಟೆಯ ಕೆಳಗೆ ಒಣಹುಲ್ಲು ಹಾಸಿದ್ದರು. ದೇವರ ಪಟಗಳಿರುವ ಮೂಲೆಯಲ್ಲಿ ಗೋಧಿಯ ಒಂದು ಸಿವುಡು ನಿಲ್ಲಿಸಿದ್ದರು. ಅದರ ಹೆಸರು ದಿದುಖ್. 'ದಿದ್' ಎಂದರೆ ಅಜ್ಜ. ಮನೆತನದ ಹಿರಿಯರೆಲ್ಲ ಆ ರಾತ್ರಿ ಆ ಸಿವುಡಿಗೆ ಬಂದು ಸೇರುತ್ತಾರಂತೆ. ಊಟವಾದ ಮೇಲೆ ಕುತ್ಯಾದ ಬಟ್ಟಲನ್ನು ಎತ್ತಿಡಲು ಹೋದ ನನ್ನ ಕೈಯನ್ನು ಬಾಬುಸ್ಯಾ ಹಿಡಿದರು. ರಾತ್ರಿ ಅದು ಹಾಗೆಯೇ ಇರಬೇಕು, ಚಮಚಗಳ ಸಮೇತ. ಬರುವವರಿದ್ದಾರೆ. ಮಹಾಲಯ ಅಮಾವಾಸ್ಯೆಯಲ್ಲಿ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕುಳಿತು ಬೆಳೆದವನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಆಗ ಈ ಹಬ್ಬ ಜನವರಿ 6ರ ರಾತ್ರಿ ಬರುತ್ತಿತ್ತು. 2023ರಲ್ಲಿ ಹಳೆಯ ಪಂಚಾಂಗ ಬಿಟ್ಟು ಡಿಸೆಂಬರ್ 25ಕ್ಕೆ ಕ್ರಿಸ್ಮಸ್ ಸ್ಥಳಾಂತರವಾಗಿದೆ. ಒಂದು ಏಕಾದಶಿ ಇಂದೋ ನಾಳೆಯೋ ಎಂದು ಎರಡು ಪಂಚಾಂಗ ಎದುರಿಟ್ಟುಕೊಂಡು ಜಗಳವಾಡುವ ನಮ್ಮ ಕೈಲಿ ಅಂಥದ್ದು ಆದೀತೇ?

ಬ್ರೆಡ್ಡಿನ ವಿಷಯಕ್ಕೆ ಮಾತ್ರ ಬಾಬುಸ್ಯಾ ನನ್ನನ್ನು ಒಮ್ಮೆ ಗದರಿದ್ದರು. ಒಣಗಿದ ತುಂಡೊಂದನ್ನು ನಾನು ಕಸದ ಬುಟ್ಟಿಗೆ ಹಾಕಿದ್ದೆ. ಅದನ್ನು ಹೊರತೆಗೆದು, ಒರೆಸಿ, ಮುತ್ತಿಟ್ಟು ಕಿಟಕಿಯ ಮೇಲೆ ಹಕ್ಕಿಗಳಿಗೆಂದು ಇಟ್ಟರು. ಅನ್ನ ತುಳಿಯಬಾರದೆಂದು ನಮಗೂ ಹೇಳಿಕೊಟ್ಟಿದ್ದಾರೆ. ಅನ್ನಪೂರ್ಣೆಯ ಭಯ ಅದು. ಅವರ ಭಯ ಬೇರೆ. 1932-33ರಲ್ಲಿ ಸ್ಟಾಲಿನ್ ಆಡಳಿತ ಹಳ್ಳಿ ಹಳ್ಳಿಯ ಧಾನ್ಯವನ್ನು ಕಸಿದೊಯ್ದು ಲಕ್ಷಗಟ್ಟಲೆ ಜನರನ್ನು ಹಸಿವಿನಿಂದ ಕೊಂದ ಹೊಲೊಡೊಮೋರ್‌ನಲ್ಲಿ ಬದುಕಿ ಉಳಿದವರು ಅವರ ತಾಯಿ. ಪ್ರತಿ ನವೆಂಬರ್‌ನ ನಾಲ್ಕನೆಯ ಶನಿವಾರ ಸಂಜೆ ಆ ನಾಡಿನ ಕಿಟಕಿಗಳಲ್ಲಿ ಮೇಣದಬತ್ತಿ ಉರಿಯುತ್ತದೆ. ಇಲ್ಲಿ ಹೋಲಿಕೆ ಹುಡುಕುವ ನನ್ನ ಚಟ ನಿಂತುಹೋಗುತ್ತದೆ.

ಚಟವೇ ಅದು, ಒಪ್ಪಿಕೊಳ್ಳುತ್ತೇನೆ. ಹೊರಗೆ ಬದುಕುವವರಿಗೆಲ್ಲ 'ಇದು ನಮ್ಮದರ ಹಾಗೆಯೇ' ಎನ್ನುವ ರೋಗವಿರುತ್ತದೆ. ಹೊಸ್ತಿಲ ಆಚೆಯಿಂದ ಏನನ್ನೂ ಕೊಡಬಾರದು, ಅಲ್ಲಿಯೂ. ಬದುಕಿರುವವರಿಗೆ ಹೂ ಕೊಟ್ಟರೆ ಬೆಸ ಸಂಖ್ಯೆಯಲ್ಲಿರಬೇಕು, ಸಮ ಸಂಖ್ಯೆ ಸತ್ತವರಿಗೆ. ನಮ್ಮ ಮುಯ್ಯಿಯೂ 101, 501. ಮದುವೆಯಲ್ಲಿ ನಾವು ಅಂತರಪಟವನ್ನು ವಧೂವರರ ನಡುವೆ ಹಿಡಿಯುತ್ತೇವೆ. ಅವರು ಕಸೂತಿ ಹಾಕಿದ ರುಶ್ನಿಕ್ ಎಂಬ ಉದ್ದನೆಯ ವಸ್ತ್ರವನ್ನು ಕಾಲಡಿ ಹಾಸುತ್ತಾರೆ, ಮೊದಲು ಹೆಜ್ಜೆ ಇಟ್ಟವರದೇ ಮನೆಯಲ್ಲಿ ಆಳ್ವಿಕೆ. ಜೀರಿಗೆ ಬೆಲ್ಲ ಎಸೆಯುವಾಗ ನಮ್ಮಲ್ಲಿ ನಡೆಯುವ ಪೈಪೋಟಿ ಬೇರೇನು? ಹೋಲಿಕೆ ಕೈಕೊಟ್ಟದ್ದು ಕುಂಬಳಕಾಯಿಯಲ್ಲಿ. ಸಾಂಬಾರಿಗೆಂದು ಸಂತೆಯಿಂದ ಒಂದು ದಪ್ಪ ಕಾಯಿ ಹೊತ್ತು ತರುತ್ತಿದ್ದೆ. ಬೀದಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟವರಂತೆ ನಕ್ಕರು. ಹೆಣ್ಣು ಕೇಳಲು ಬಂದವನನ್ನು ಒಲ್ಲೆ ಎನ್ನಲು ಅವನ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸುವುದು ಅಲ್ಲಿನ ಹಳೆಯ ಪದ್ಧತಿ. "ಯಾರ ಮನೆಯಿಂದ ಬರುತ್ತಿದ್ದೀಯಪ್ಪಾ?" ಎಂದು ಒಂದು ವಾರ ಕೇಳಿಸಿಕೊಂಡೆ.

ನಾನು ಹೇಳಬೇಕೆಂದು ಹೊರಟದ್ದು ಬಟ್ಟೆಯ ಕಥೆ.

ಊರಿನಿಂದ ಬರುವಾಗ ಅವ್ವ ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ದೇವರ ಫೋಟೊ ಸುತ್ತಿ ಕೊಟ್ಟಿದ್ದಳು. ಅದರ ಮೇಲೆ ಅವಳೇ ಹಾಕಿದ ಕಸೂತಿ: ಗೋಪುರ, ತೇರು, ಆನೆ, ತುಳಸಿಕಟ್ಟೆ. ಒಂದು ದಿನ ಬಾಬುಸ್ಯಾ ಅದನ್ನು ನೋಡಿದರು. ಚೆಂದವಿದೆ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು, ತುಂಡನ್ನು ಸರಕ್ಕನೆ ತಿರುವಿ, ಹಿಂಬದಿಯಲ್ಲಿ ಗಂಟು ಹುಡುಕಿದರು. ಸಿಗಲಿಲ್ಲ. ಗವಂತಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಗೀಚಿಕೊಳ್ಳುವಂತಿಲ್ಲ. ಎಳೆ ಎಣಿಸಿ ಎಣಿಸಿಯೇ ಹೋಗಬೇಕು. ಮೆಂತೆ ಹೊಲಿಗೆಯ ಮೇಲೆ ಬೆರಳಿಟ್ಟು "ಖ್ರೆಸ್ತಿಕ್" ಎಂದರು. ಅವರಲ್ಲಿಯೂ ಆ ಅಡ್ಡಹೊಲಿಗೆಗೆ ಹೆಸರಿದೆ, ಅವರೂ ಎಳೆಯನ್ನೇ ಎಣಿಸುತ್ತಾರೆ. ಗೋಪುರವನ್ನು ಇಗರ್ಜಿ ಎಂದುಕೊಂಡರು. ನಾನು ತಿದ್ದಲಿಲ್ಲ. "ನಿನ್ನ ತಾಯಿಗೆ ಕೆಲಸ ಗೊತ್ತು" ಎಂದು ಮಡಚಿ ಕೊಟ್ಟರು. ಆರು ವರ್ಷದಲ್ಲಿ ನನ್ನ ಮನೆಯವರ ಬಗ್ಗೆ ಅವರು ಆಡಿದ ಅತಿ ದೊಡ್ಡ ಹೊಗಳಿಕೆ ಅದು.

ಪೋಲ್ಟಾವಾದ ಕಸೂತಿ ಬಿಳಿಯ ಮೇಲೆ ಬಿಳಿ. ಪಕ್ಕದ ರೆಶೆಟಿಲಿವ್ಕಾ ಅದಕ್ಕೇ ಹೆಸರಾದ ಊರು. ದೂರದಿಂದ ನೋಡಿದರೆ ಬರಿಯ ಬಿಳಿ ಅಂಗಿ, ಹತ್ತಿರ ಹೋದರೆ ಮಂಜಿನ ಮೇಲೆ ಹಕ್ಕಿ ನಡೆದ ಗುರುತು. ಪಶ್ಚಿಮದ ಬೋರ್ಶ್ಚಿವ್ ಕಡೆ ತೋಳುಗಳೆಲ್ಲ ದಟ್ಟ ಕಪ್ಪು ದಾರ. ದಾಳಿಯಲ್ಲಿ ಗಂಡಸರನ್ನು ಕಳೆದುಕೊಂಡ ಹೆಂಗಸರು ತಲೆಮಾರುಗಟ್ಟಲೆ ಹಿಡಿದ ಸೂತಕ ಎಂದು ಐತಿಹ್ಯ. ಕಪ್ಪು ಅಶುಭವೆನ್ನುವ ನಮ್ಮಲ್ಲೇ ಕರಿಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಮದುಮಗಳಿಗೆ ಕೊಡುತ್ತಿದ್ದರಲ್ಲ! ಒಂದೇ ಬಣ್ಣ ಅಲ್ಲಿ ಸೂತಕ, ಇಲ್ಲಿ ಸಂಭ್ರಮ. ಅಂಗಿಯಲ್ಲಿ ಕೊರಳು, ಮುಂಗೈ, ಅಂಚು, ಹೀಗೆ ಮೈ ಹೊರಗೆ ಕಾಣುವ ಜಾಗಗಳಲ್ಲೇ ಹೊಲಿಗೆ ಹೆಚ್ಚು. ಕೆಟ್ಟದ್ದು ಒಳಗೆ ನುಗ್ಗುವುದು ಅಲ್ಲಿಂದ ಎಂಬ ನಂಬಿಕೆ.

ಆದರೆ ಆ ಅಂಗಿಯನ್ನು, ವಿಶಿವಾಂಕಾವನ್ನು, ಗಂಡಸರೂ ತೊಡುತ್ತಾರೆ. ನಮ್ಮಲ್ಲಿ ಕಸೂತಿ ಸೀರೆಗೆ, ಕುಪ್ಪಸಕ್ಕೆ, ಎಳೆಗೂಸಿನ ಕುಂಚಿಗೆಗೆ. ಬಾಬುಸ್ಯಾ ನನ್ನ ಪದವಿಗೆಂದು ಬಿಳಿಯ ಮೇಲೆ ಬಿಳಿ ಅಂಗಿಯೊಂದನ್ನು ಹೊಲಿದು ಕೊಟ್ಟಾಗಲೇ ಕಸೂತಿ ಮೊದಲ ಬಾರಿಗೆ ನನ್ನ ಮೈಗೆ ತಾಗಿದ್ದು. ಕಸೂತಿಯ ನಾಡಿನಲ್ಲಿ ಹುಟ್ಟಿದವನಿಗೆ ಅದಕ್ಕೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

2006ರಲ್ಲಿ ಚೆರ್ನಿವ್ಟ್ಸಿ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಗೆಳೆಯರಿಗೆಲ್ಲ ಒಂದೇ ದಿನ ಇದನ್ನು ತೊಟ್ಟು ಬರಲು ಹೇಳಿದಳಂತೆ. ಅದೇ ಬೆಳೆದು ಮೇ ತಿಂಗಳ ಮೂರನೆಯ ಗುರುವಾರ ವಿಶಿವಾಂಕಾ ದಿನವಾಯಿತು. ರಜೆಯಿಲ್ಲ, ವೇದಿಕೆಯಿಲ್ಲ, ಭಾಷಣ ಕೇಳಲೇಬೇಕೆಂದಿಲ್ಲ. ಬ್ಯಾಂಕಿನ ಗುಮಾಸ್ತ, ದಾದಿ, ಮೆಟ್ರೊದಲ್ಲಿ ನೇತಾಡುವ ಹುಡುಗ, ಎಲ್ಲರೂ ಅದನ್ನೇ ತೊಟ್ಟು ಎಂದಿನ ಕೆಲಸಕ್ಕೆ ಹೋಗುತ್ತಾರೆ. ನನಗೆ ಇಷ್ಟವಾದದ್ದು ಆ ಗುರುವಾರ. ಭಾನುವಾರವಾಗಿದ್ದರೆ ಹಬ್ಬವಾಗುತ್ತಿತ್ತು, ಗುರುವಾರವಾದ್ದರಿಂದ ಅದು ಬಟ್ಟೆಯಾಗಿಯೇ ಉಳಿಯಿತು.

ವೇದಿಕೆಯ ಜಾನಪದವನ್ನು ಹಂಗಿಸಲು ಅವರಲ್ಲಿ ಒಂದು ಪದವೇ ಇದೆ: ಶರೊವಾರ್ಶ್ಚಿನಾ. ಶರೊವಾರಿ ಎಂದರೆ ಅಲ್ಲಿನ ಹಳೆಯ ಕಾಲದ ಯೋಧರಾದ ಕೊಸಾಕರ ದೊಗಳೆ ಷರಾಯಿ. ಸೋವಿಯತ್ ಕಾಲದಲ್ಲಿ ಉಕ್ರೇನಿನವರೆಂದರೆ ಹೊಳೆಯುವ ಷರಾಯಿ ಹಾಕಿಕೊಂಡು ವೇದಿಕೆಯಲ್ಲಿ ಜಿಗಿಯುವವರು ಎಂದು ಮಾಡಿಟ್ಟರಲ್ಲ, ಆ ಅಗ್ಗದ ಸಿಂಗಾರಕ್ಕೆ ಈ ಬೈಗುಳ. ಕನ್ನಡದಲ್ಲಿ ಇದಕ್ಕೆ ಪದವಿಲ್ಲ, ಆದರೆ ವಸ್ತು ಧಾರಾಳವಾಗಿದೆ. ಹೊರನಾಡಿನ ನಮ್ಮ ರಾಜ್ಯೋತ್ಸವಗಳನ್ನೇ ನೋಡಿ. ಬಾಡಿಗೆಯ ಮೈಸೂರು ಪೇಟ ತಲೆಯಿಂದ ತಲೆಗೆ ದಾಟುತ್ತದೆ, ಫೋಟೊ ಆಗುತ್ತದೆ, ಮತ್ತೆ ಪೆಟ್ಟಿಗೆ ಸೇರುತ್ತದೆ. ನಾನೂ ಆ ಸಾಲಿನಲ್ಲಿ ನಿಂತವನೇ. ಧಾರವಾಡದ ನನ್ನಜ್ಜ ಸುತ್ತುತ್ತಿದ್ದ ರುಮಾಲು ಅದಲ್ಲ ಎಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಹಾಗೆಂದು ಅವರನ್ನು ಅಟ್ಟಕ್ಕೇರಿಸುವುದಿಲ್ಲ. ಅಲ್ಲಿನ ಅಂಗಿಗಳಲ್ಲೂ ಯಂತ್ರದ ಕಸೂತಿ ಬೇಕಾದಷ್ಟಿದೆ, ಕೈಯಲ್ಲಿ ಹೊಲಿದದ್ದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಾನು ಹೋದ ಹೊಸದರಲ್ಲಿ ನಗರದ ಹುಡುಗರು ವಿಶಿವಾಂಕಾವನ್ನು ಅಜ್ಜಿಯರ ಬಟ್ಟೆ ಎಂದು ತಮಾಷೆ ಮಾಡುತ್ತಿದ್ದುದೂ ನೆನಪಿದೆ. ಅದೇ ಹುಡುಗರು ಆಮೇಲೆ ಬದಲಾದರು. ಬೋರ್ಷ್ ತನ್ನದೆಂದು ನೆರೆಯ ದೊಡ್ಡ ದೇಶ ಹೇಳಿಕೊಂಡಿತು, ಬಾಣಸಿಗ ಎವ್ಹೆನ್ ಕ್ಲೊಪೊಟೆಂಕೊ ಮುಂದೆ ನಿಂತು ಹೋರಾಡಿದರು, ಯುದ್ಧದ ನಡುವೆ 2022ರ ಜುಲೈ 1ರಂದು ಯುನೆಸ್ಕೊ ಉಕ್ರೇನಿನ ಬೋರ್ಷ್ ಅಡುಗೆಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮನೆಗೊಂದು ರುಚಿಯ ಸಾರು ಅದು. ಕಸಿಯಲು ಬಂದವರಿದ್ದುದರಿಂದ ಅವರ ಹಿಡಿತ ಬಿಗಿಯಾಯಿತು ಎಂಬುದು ನನ್ನ ಎಣಿಕೆ. ನಮ್ಮ ಹುಗ್ಗಿಯನ್ನು ಯಾರೂ ತಮ್ಮದೆನ್ನುತ್ತಿಲ್ಲ. ಕಸೂತಿಗೆ ಜಿಐ, ಅಂದರೆ ಇದು ಈ ನೆಲದ್ದೇ ಎನ್ನುವ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿ ಆಗಿದೆ. ಎಲ್ಲ ಕ್ಷೇಮವಾಗಿದೆ, ನನ್ನ ಓಣಿಯಲ್ಲಿ ಎಳೆ ಎಣಿಸಬಲ್ಲವಳು ಅವ್ವ ಒಬ್ಬಳೇ ಉಳಿದಿದ್ದಾಳೆ.

ಬಾಬುಸ್ಯಾ 2019ರಲ್ಲಿ ತೀರಿಕೊಂಡರು. ಅವರು ಕೊಟ್ಟ ಅಂಗಿ ಕೀವ್‌ನ ಬೀರುವಿನಲ್ಲೇ ಉಳಿದುಬಿಟ್ಟಿತ್ತು. ಪಕ್ಕದ ಮನೆಯವರು ಕಳೆದ ವರ್ಷ ಪಾರ್ಸೆಲ್ ಮಾಡಿ ಕಳಿಸಿದರು. ಈ ಮೇ ತಿಂಗಳ ಆ ಗುರುವಾರ ಅದನ್ನು ತೊಟ್ಟು ಕಚೇರಿಗೆ ಹೊರಟೆ. ಟ್ರಾಮಿನಲ್ಲಿ ಎದುರು ಕುಳಿತ ಹೆಂಗಸು ನನ್ನ ಕಂದು ಮುಖವನ್ನೂ ಅಂಗಿಯ ಕೊರಳನ್ನೂ ಎರಡು ಸಲ ನೋಡಿ, "ಪೋಲ್ಟಾವಾದ್ದೇ?" ಎಂದು ಕೇಳಿದಳು. ಹೌದೆಂದೆ.

ಸಂಜೆ ವಿಡಿಯೊ ಕರೆಯಲ್ಲಿ ಅವ್ವನಿಗೆ ತೋರಿಸಿದೆ. "ಗಂಡಸರಿಗೆ ಯಾತರ ಕಸೂತಿಯೋ" ಎಂದಳು. ಕೊರಳಿನ ಹತ್ತಿರ ಮೊಬೈಲ್ ಹಿಡಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು:

"ತಿರುವಿ ತೋರಿಸು. ಹಿಂಬದಿ ನೋಡಬೇಕು."