ಹ್ಯಾಸ್ಕೆಲ್ ಮತ್ತು ಓಕ್ಯಾಮಲ್: ದಾಯಾದಿಗಳ ವ್ಯವಹಾರ

"ಎರಡೂ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳೇ ತಾನೆ, ಹ್ಯಾಸ್ಕೆಲ್ ಕೋಡನ್ನು ಓಕ್ಯಾಮಲ್‌ಗೆ ಬದಲಾಯಿಸಲು ಎಷ್ಟು ಹೊತ್ತು ಬೇಕು?" ಎಂದು ಕೇಳುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಲೆಕ್ಕವನ್ನೆಲ್ಲ ಫಂಕ್ಷನ್‌ಗಳಾಗಿ ಬರೆಯುವ ಒಂದೇ ಮನೆತನದವು, ನಿಜ. ಆದರೆ ದಾಯಾದಿಗಳು, ಮುಖಚಹರೆ ಹೊಂದುತ್ತದೆ, ವ್ಯವಹಾರ ಹೊಂದುವುದಿಲ್ಲ.

ಬರವಣಿಗೆಯ ವ್ಯತ್ಯಾಸಗಳು ಬರೀ ಕಿರಿಕಿರಿ. ಪಟ್ಟಿಯ ತಲೆಗೆ ಅಂಶ ಸೇರಿಸಲು ಹ್ಯಾಸ್ಕೆಲ್‌ನಲ್ಲಿ ':', ಟೈಪ್, ಅಂದರೆ ಬೆಲೆ ಯಾವ ಬಗೆಯದು ಎಂದು ಸೂಚಿಸಲು '::'. ಓಕ್ಯಾಮಲ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. [1, 2, 3] ಎಂದು ಬರೆದರೆ ಓಕ್ಯಾಮಲ್ ಅದನ್ನು ಒಂದೇ ಟ್ಯೂಪಲ್ (ಮೂರು ಬೆಲೆಗಳ ಒಂದು ಕಟ್ಟು) ಇರುವ ಪಟ್ಟಿ ಎಂದುಕೊಳ್ಳುತ್ತದೆ. ಇಂಥವನ್ನು ಬಹುಮಟ್ಟಿಗೆ ಕಂಪೈಲರ್, ಅಂದರೆ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನ, ಹಿಡಿದುಕೊಡುತ್ತದೆ. ಈಗಿನ ಎಐ ಸಾಧನಗಳೂ ಇಷ್ಟನ್ನು ಚೆನ್ನಾಗಿಯೇ ಮಾಡುತ್ತವೆ.

ತೊಡಕಿರುವುದು ಲೆಕ್ಕ ಯಾವಾಗ ನಡೆಯುತ್ತದೆ ಎಂಬಲ್ಲಿ. ಹ್ಯಾಸ್ಕೆಲ್ ಯಾರಾದರೂ ಕೇಳುವ ತನಕ ಯಾವ ಲೆಕ್ಕವನ್ನೂ ಹಾಕುವುದಿಲ್ಲ, ಓಕ್ಯಾಮಲ್ ಆಗಿಂದಾಗಲೇ ಹಾಕಿಬಿಡುತ್ತದೆ. ಹಾಗಾಗಿಯೇ ಫಿಬೊನಾಚಿ ಸರಣಿ (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನ ಸಂಖ್ಯೆ) ಹ್ಯಾಸ್ಕೆಲ್‌ನಲ್ಲಿ ಒಂದು ಸಾಲಿನ ಮಾತು: 0, 1 ಬರೆದು, ಆ ಪಟ್ಟಿಯನ್ನು ಅದರದೇ ಬಾಲದೊಂದಿಗೆ (ಮೊದಲ ಅಂಶ ಬಿಟ್ಟು ಉಳಿದ ಪಟ್ಟಿ) ಅಂಶಕ್ಕೆ ಅಂಶ ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಓಕ್ಯಾಮಲ್‌ನಲ್ಲಿ ಅದೇ ಸಾಲನ್ನು, ತನ್ನನ್ನೇ ಬಳಸಿಕೊಳ್ಳುವ ವ್ಯಾಖ್ಯೆಗೆಂದಿರುವ 'ಲೆಟ್ ರೆಕ್' ಹಾಕಿ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ಇನ್ನೂ ಹುಟ್ಟದ ಪಟ್ಟಿಯನ್ನು ಈಗಲೇ ಕೂಡಿಸು ಎಂದರೆ ಅದಾದರೂ ಏನು ಮಾಡೀತು?

ಆಗ ಎಲ್ಲರೂ, ಕೇಳಿದಾಗ ಮಾತ್ರ ಅಂಶ ಕೊಡುವ ಓಕ್ಯಾಮಲ್‌ನ 'ಸೆಕ್' ಮಾಡ್ಯೂಲಿನ ಮೊರೆಹೋಗುತ್ತಾರೆ. ಕೋಡ್ ಕಂಪೈಲ್ ಆಗುತ್ತದೆ, ಮೊದಲ ಹತ್ತು ಸಂಖ್ಯೆಗಳೂ ಸರಿ. ಮುಂದಕ್ಕೆ ಹೋದಂತೆ ಏದುಸಿರು ಬಿಡುತ್ತದೆ. ಹ್ಯಾಸ್ಕೆಲ್ ಒಮ್ಮೆ ಕಂಡುಹಿಡಿದ ಅಂಶವನ್ನು ಉಳಿಸಿಕೊಳ್ಳುತ್ತದೆ, 'ಸೆಕ್' ಪ್ರತಿಸಲವೂ ಬುಡದಿಂದ ಲೆಕ್ಕ ಹಾಕುತ್ತದೆ. ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ, ಓಕ್ಯಾಮಲ್ 4.14ನೇ ಆವೃತ್ತಿಯಲ್ಲಿ ಬಂದ 'ಮೆಮೊಯಿಜ಼್' ಇದಕ್ಕೆ ಮದ್ದು.

ಅದನ್ನೂ ಹಾಕಿದಿರಿ ಎನ್ನಿ. 64 ಬಿಟ್ ಯಂತ್ರದಲ್ಲಿ, ಹ್ಯಾಸ್ಕೆಲ್‌ನಲ್ಲಿ ಟೈಪ್ 'ಇಂಟ್' (ಗಾತ್ರಕ್ಕೆ ಮಿತಿಯಿರುವ ಪೂರ್ಣಾಂಕ) ಎಂದಿದ್ದರೂ 91ನೆಯ ಫಿಬೊನಾಚಿ ಸಂಖ್ಯೆ ಸರಿಯಾಗಿ 4660046610375530309 ಎಂದೇ ಬರುತ್ತದೆ. ಓಕ್ಯಾಮಲ್‌ನ 'ಇಂಟ್' ಅದೇ ಜಾಗದಲ್ಲಿ ಋಣಸಂಖ್ಯೆ ಕೊಡುತ್ತದೆ. ಪೂರ್ಣಾಂಕ ಯಾವುದು, ಪಾಯಿಂಟರ್ (ಮೆಮೊರಿಯ ವಿಳಾಸ) ಯಾವುದು ಎಂದು ಗುರುತಿಸಲು ಅದು ಒಂದು ಬಿಟ್ ತೆಗೆದಿಟ್ಟುಕೊಳ್ಳುತ್ತದೆ, ಉಳಿಯುವುದು 63, ಅಷ್ಟರಲ್ಲಿ ಈ ಸಂಖ್ಯೆ ಹಿಡಿಸುವುದಿಲ್ಲ. ದೋಷವಿಲ್ಲ, ಎಚ್ಚರಿಕೆಯಿಲ್ಲ. ನನ್ನ ಕೋಪವೆಲ್ಲ ಈ ಮೌನದ ಮೇಲೆ.

ಆದ್ದರಿಂದ ಸಾಲಿಗೆ ಸಾಲು ಬದಲಾಯಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ಮುಂದೆ ಸಾಗುವ ಸಾದಾ ರಿಕರ್ಸಿವ್ (ತನ್ನನ್ನೇ ಕರೆದುಕೊಳ್ಳುವ) ಫಂಕ್ಷನ್ ಬರೆಯಿರಿ, ದೊಡ್ಡ ಸಂಖ್ಯೆಗಳಿಗೆ, ಬಿಟ್‌ಗಳ ಈ ಮಿತಿಯಿಲ್ಲದ 'ಜ಼ರಿತ್' ಲೈಬ್ರರಿ ಬಳಸಿ. ಹ್ಯಾಸ್ಕೆಲ್‌ನ ಸೊಗಸು ಹೋಯಿತೆಂದು ಮೂಗು ಮುರಿಯುವವರು ಮುರಿಯಲಿ. ಹಳೆಯ ಪ್ರೋಗ್ರಾಮನ್ನು ಮಾತ್ರ ಅಳಿಸಬೇಡಿ. ಎರಡಕ್ಕೂ ಒಂದೇ ಇನ್‌ಪುಟ್ ಕೊಟ್ಟು ಉತ್ತರ ತಾಳೆ ನೋಡಿ, ಅದೂ 91ರಂಥ ದೂರದ ತುದಿಗಳಲ್ಲಿ.