ನೆಂಟರು ಬಂದಾಗಿನ ಮೈಸೂರು

ಮೈಸೂರಿನಲ್ಲೇ ಹುಟ್ಟಿ ಬೆಳೆದವರಿಗೆ ಅರಮನೆ ಅಂದರೆ ಬಸ್ಸು ಸುತ್ತು ಹಾಕುವ ಜಾಗ, ಅಷ್ಟೇ. ಟಿಕೆಟ್ ತಗೊಂಡು ಒಳಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಹಾಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ನೋಡೋಣ ಅಂತ ನಾನಾಗಿಯೇ ಹೋಗಿದ್ದು ಒಂದು ಸಲವೂ ಇಲ್ಲ.

ಹೋದ ತಿಂಗಳು ಅರಸೀಕೆರೆಯಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದರು. ತಿಂಡಿ ತಟ್ಟೆ ಎತ್ತುವ ಮುಂಚೆಯೇ ಅಮ್ಮ, "ಇವನು ಎಲ್ಲಾ ತೋರಿಸ್ತಾನೆ" ಅಂದುಬಿಟ್ಟರು.

ಅರಮನೆಯ ಕಥೆ ನನಗೆ ಬಾಯಿಪಾಠ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆ ಹೊತ್ತಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗಿನದರ ನಕ್ಷೆ ಹಾಕಿದ್ದು ಹೆನ್ರಿ ಇರ್ವಿನ್, ಮುಗಿದದ್ದು 1912ರಲ್ಲಿ. ಚಿಕ್ಕಪ್ಪ ಎಲ್ಲಾ ಕೇಳಿಸಿಕೊಂಡು, "ಚಪ್ಪಲಿ ಟೋಕನ್ ನಿನ್ನ ಹತ್ರಾನೇ ಇದೆ ತಾನೆ?" ಅಂದರು.

ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆ ಮುಂದೆ ಆಟೋ ನಿಲ್ಲಿಸಿದೆ. "ಮಾಲ್ಗುಡಿ ಇಲ್ಲೇನಾ?" ಅಂದರು ಚಿಕ್ಕಪ್ಪ. "ಇಲ್ಲ, ಅದು ಅವರ ತಲೆಯಲ್ಲಿತ್ತು" ಅಂದೆ. ಇಬ್ಬರೂ ಇಳಿಯಲೇ ಇಲ್ಲ.

ರೈಲ್ವೆ ಮ್ಯೂಸಿಯಂನಲ್ಲಿ ಮಾತ್ರ ಚಿಕ್ಕಮ್ಮ ಅರಳಿದರು. ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿ ಇದೆ, 1899ರದ್ದು. ಅದರಲ್ಲಿ ಅಡುಗೆಮನೆ ಉಂಟು, ಊಟದ ಕೋಣೆ ಉಂಟು. "ರೀ, ಕಕ್ಕಸೂ ಇದೆ, ಬನ್ನಿ ಇಲ್ಲಿ!" ಅಂತ ಕೂಗಿದರು. ಪಕ್ಕದಲ್ಲಿದ್ದವರೂ ಬಂದು ಬಗ್ಗಿ ನೋಡಿದರು. ಬೆಳಗ್ಗೆಯಿಂದ ನಾನು ಹೇಳಿದ ಒಂದು ಇಸವಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ. ತಪ್ಪೇನಿಲ್ಲ ಬಿಡಿ. ರಾಜ್ಯ ಆಳುವ ಕಷ್ಟ ನಮಗೆ ಗೊತ್ತಿಲ್ಲ, ರೈಲಿನಲ್ಲಿ ಅರ್ಜೆಂಟಾಗುವ ಕಷ್ಟ ಎಲ್ಲರಿಗೂ ಗೊತ್ತು.

ಕೊನೆಗೆ ಜಗನ್ಮೋಹನ ಅರಮನೆ, ಈಗ ಅದು ಚಿತ್ರಶಾಲೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ದೊಡ್ಡ ಅರಮನೆ ಸುಟ್ಟಾಗ ರಾಜಮನೆತನ ಇಲ್ಲೇ ಇತ್ತು. ನಾಲ್ವಡಿಯವರು 1902ರಲ್ಲಿ ಅಧಿಕಾರ ವಹಿಸಿಕೊಂಡಿದ್ದೂ ಇಲ್ಲೇ. ಇದನ್ನೆಲ್ಲ ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಬಂತು.

ಎಷ್ಟು ಸಲ ನೋಡಿದರೂ ನನಗೆ ಅದರ ಮುಂದೆ ಕಾಲು ಕೀಳಲು ಆಗುವುದಿಲ್ಲ. ದೀಪದ ಕುಡಿ ಕಾಣುವುದಿಲ್ಲ, ಅಂಗೈ ಅಡ್ಡ ಇದೆ. ಬೆಳಕು ಬೆರಳ ಸಂದಿಯಿಂದ ಸೋರಿ ಮುಖದ ಮೇಲೆ, ಸೀರೆಯ ಮೇಲೆ ಬಿದ್ದಿದೆ. ಬೆರಳ ಅಂಚು ಕೆಂಪಗಾಗಿದೆ. ಕರೆಂಟು ಹೋದಾಗ ಟಾರ್ಚಿಗೆ ಕೈ ಅಡ್ಡ ಇಟ್ಟು ಆಡಿದ್ದೀವಲ್ಲ, ಅದೇ ಕೆಂಪು. ಅದೂ ನೀರಿನ ಬಣ್ಣದಲ್ಲಿ ಬರೆದದ್ದು.

"ರವಿವರ್ಮ ರವಿವರ್ಮನೇ ಕಣಯ್ಯಾ" ಅಂದರು ಚಿಕ್ಕಪ್ಪ.

"ಅಲ್ಲ ಚಿಕ್ಕಪ್ಪ, ಹಲ್ದನ್ಕರ್ ಅಂತ. ಚಿತ್ರಕ್ಕೆ ನಿಂತಿದ್ದು ಅವರ ಮಗಳು ಗೀತಾ. ನೂರು ವರ್ಷ ದಾಟಿ ಬದುಕಿದ್ದರು, 2018ರಲ್ಲಿ ತೀರಿಕೊಂಡರು. ರವಿವರ್ಮ ಹೋಗಿದ್ದೇ 1906ರಲ್ಲಿ. ಲೆಕ್ಕ ಹಾಕಿ, ಆಗ ಆಯಮ್ಮ ಹುಟ್ಟೇ ಇರಲಿಲ್ಲ."

"ನಮ್ಮನೆ ಕ್ಯಾಲೆಂಡರ್‌ನಲ್ಲಿ ರವಿವರ್ಮ ಅಂತಾನೇ ಹಾಕಿದ್ರಪ್ಪ."

ಕ್ಯಾಲೆಂಡರ್ ಮುಂದೆ ನನ್ನ ಮಾತು ನಡೆಯುತ್ತಾ? ಸುಮ್ನಾದೆ. ಚಿಕ್ಕಮ್ಮನಿಗೆ ಮಸಾಲೆ ದೋಸೆ ಬೇಕಿತ್ತು, ಹೊರಟೆವು.

ಅವರು ಊರಿಗೆ ಹೋದ ಮರುದಿನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಅದೇ ಹೆಂಗಸು, ಅದೇ ದೀಪ. ಕೆಳಗೆ ಚಿಕ್ಕಪ್ಪ ಬರೆದಿದ್ದರು: "ಶುಭೋದಯ. ಮೈಸೂರಿನಲ್ಲಿ ಕಣ್ಣಾರೆ ನೋಡಿದ ರವಿವರ್ಮನ ಚಿತ್ರ. ತೋರಿಸಿದ್ದು ನಮ್ಮ ಹುಡುಗ."

ಹೆಬ್ಬೆರಳು ಒತ್ತಿ ಕಳಿಸಿದೆ.